ಕಡಲ ಪಕ್ಕದ ಮನೆಗೆ ರೇಲಿಂಗ್ ಹಾಕಿಸುವಾಗ

ಉಳ್ಳಾಲ, ಸೋಮೇಶ್ವರ, ಉಚ್ಚಿಲದ ಕಡೆ ಮನೆ ಕಟ್ಟಿಸುವವರೇ, ಕಬ್ಬಿಣ ಬಿಟ್ಟು ಅಲ್ಯೂಮಿನಿಯಂ ರೇಲಿಂಗ್ ಹಾಕಿಸುವ ಯೋಚನೆ ಒಳ್ಳೆಯದೇ. ಆದರೆ ‘ಇದಕ್ಕೆ ತುಕ್ಕು ಹಿಡಿಯುವುದಿಲ್ಲ’ ಎಂಬ ಒಂದೇ ಮಾತು ನಂಬಿ ನಿಶ್ಚಿಂತರಾಗಬೇಡಿ.

ರೇಲಿಂಗ್ ಕೆಡಲು ಶುರುವಾಗುವುದು ಹೆಚ್ಚಾಗಿ ಸ್ಕ್ರೂ ಕೂರುವಲ್ಲಿ. ಸಾಧಾರಣ ಕಬ್ಬಿಣದ ಸ್ಕ್ರೂ ಹಾಕಿದರೆ, ಎರಡು ಲೋಹಗಳ ನಡುವೆ ಉಪ್ಪಿನ ತೇವ ನಿಂತು ಬ್ಯಾಟರಿಯೊಳಗಿನಂಥದೇ ಕ್ರಿಯೆ ನಡೆಯುತ್ತದೆ. ಸುತ್ತ ಬಿಳಿ ಪುಡಿ ಏಳುತ್ತದೆ, ತೂತು ಅಗಲವಾಗುತ್ತದೆ, ಒಂದು ದಿನ ಕಂಬವೇ ಅಲುಗಾಡುತ್ತದೆ. ಮಕ್ಕಳು ಒರಗಿ ನಿಲ್ಲುವ ಜಾಗವದು! 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂಗಳನ್ನೇ ಕೇಳಿ, ನಡುವೆ ನೈಲಾನ್ ವಾಷರ್ ಹಾಕಿಸಿ. 304 ಸಾಕೆಂದು ಯಾರಾದರೂ ಹೇಳಿದರೆ, ಕಡಲ ಗಾಳಿ ಬೀಸುವಲ್ಲಿ ಒಪ್ಪಬೇಡಿ.

ಕಂಬವನ್ನು ಹಸಿ ಸಿಮೆಂಟಿನಲ್ಲಿ ನೇರ ಹೂಳಿಸಬೇಡಿ; ಅದರ ಕ್ಷಾರ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ಬೇಸ್ ಪ್ಲೇಟಿನಡಿ ರಬ್ಬರ್ ಹಾಳೆ ಇಟ್ಟು ಬೋಲ್ಟ್ ಬಿಗಿಸಲಿ. ಟೊಳ್ಳು ಕಂಬದ ಬುಡದಲ್ಲಿ ನೀರಿಳಿಯಲು ಸಣ್ಣ ತೂತು ಇರಲೇಬೇಕು.

ಪೌಡರ್ ಕೋಟಿಂಗ್ 60 ಮೈಕ್ರಾನಿಗಿಂತ ತೆಳುವಾಗದಿರಲಿ. ಸ್ಥಳದಲ್ಲೇ ಕತ್ತರಿಸಿದ ತುದಿಗಳಿಗೆ ಬಣ್ಣ ಹಚ್ಚಿಸಿದ ಮೇಲೆಯೇ ಬಾಕಿ ಹಣ ಕೊಡಿ.

ಮಳೆಗಾಲದಲ್ಲಿ ಉಪ್ಪನ್ನು ಮಳೆಯೇ ತೊಳೆಯುತ್ತದೆ. ಅದು ಪದರವಾಗಿ ಕೂರುವುದು ಡಿಸೆಂಬರ್‌ನಿಂದ ಮೇವರೆಗೆ. ಆಗ ತಿಂಗಳಿಗೊಮ್ಮೆಯಾದರೂ ಸಿಹಿನೀರಿನಲ್ಲಿ ಒರೆಸಿ. ಸೂರಿನಡಿ ಮಳೆ ತಾಗದ ಭಾಗವನ್ನು ವರ್ಷವಿಡೀ ಒರೆಸಬೇಕು. ಬೇಸಗೆಯಲ್ಲಿ ನಿಮ್ಮ ಬಾವಿ ಉಪ್ಪಾಗುತ್ತಿದ್ದರೆ ನಲ್ಲಿ ನೀರನ್ನೇ ಬಳಸಿ.