ವಿದ್ಯುತ್ ಬೈಕು ಮತ್ತು ಕಳ್ಳತನ: ಒಂದು ವಿವೇಚನೆ

ವಾಹನವು ಇಂದು ಕೇವಲ ಭೋಗವಸ್ತುವಾಗಿ ಉಳಿದಿಲ್ಲವೆಂಬುದು ಎಲ್ಲರಿಗೂ ತಿಳಿದ ಸಂಗತಿ. ಸುತ್ತಣ ಹಳ್ಳಿಗಳಿಂದ ಮಾನ್ವಿಗೆ ಓದಲು ಬರುವ ವಿದ್ಯಾರ್ಥಿಗೆ ಬಸ್ಸಿನ ವೇಳೆಯೂ ತರಗತಿಯ ವೇಳೆಯೂ ಕೂಡಿಬರುವುದು ಅಪರೂಪ. ಪೆಟ್ರೋಲು ಹಾಕಿಸಿ ದಿನವೂ ಫಟಫಟಿಯಲ್ಲಿ ಓಡಾಡುವಷ್ಟು ಅನುಕೂಲ ಎಲ್ಲರ ಮನೆಯಲ್ಲಿಯೂ ಇರುವುದಿಲ್ಲ. ಇಂಥವರಿಗೆ ವಿದ್ಯುತ್ ಬೈಕು ಒಂದು ಆಸರೆಯಾಗಿ ಒದಗಿಬಂದಿದೆ. ನಮ್ಮ ರಾಜ್ಯವು ೨೦೧೭ರಲ್ಲಿ ದೇಶದಲ್ಲಿಯೇ ಮೊದಲನೆಯದಾಗಿ ವಿದ್ಯುತ್ ವಾಹನಗಳಿಗೆಂದು ಪ್ರತ್ಯೇಕ ನೀತಿಯೊಂದನ್ನು ಪ್ರಕಟಿಸಿದ ಮೇಲೆ ಇವುಗಳ ಬಳಕೆ ಪಟ್ಟಣಗಳಲ್ಲಿಯೂ ಹಳ್ಳಿಗಳಲ್ಲಿಯೂ ಹಬ್ಬುತ್ತ ಬಂದಿದೆ.

ಆದರೆ ಕಂತಿನ ಮೇಲೆ ಕೊಂಡ ಗಾಡಿ ಕಳುವಾದರೆ ಗಾಡಿ ಹೋಗುತ್ತದೆ, ಕಂತು ಮಾತ್ರ ಉಳಿಯುತ್ತದೆ. ಹತ್ತಿ ಮಾರಿದ ಹಣವನ್ನು ಮನೆಯವರು ಎರಡನೆಯ ಬಾರಿ ಕೊಡಲಾರರು. ದೂರದ ಹಳ್ಳಿಯ ಹೆಣ್ಣುಮಗಳಾದರೆ ಗಾಡಿಯೊಡನೆ ಅವಳ ಓದೂ ನಿಂತುಹೋಗುವ ಸಂಭವವುಂಟು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದಕ್ಕಿಂತ, ಕಳ್ಳತನದ ಸ್ವರೂಪವನ್ನು ಮೊದಲೇ ತಿಳಿದು ಎಚ್ಚರ ವಹಿಸುವುದು ಲೇಸು.

ಕಳ್ಳತನದ ಮೂರು ಅಂಗಗಳು

೧೯೭೯ರಲ್ಲಿ ಲಾರೆನ್ಸ್ ಕೋಹೆನ್ ಮತ್ತು ಮಾರ್ಕಸ್ ಫೆಲ್ಸನ್ ಎಂಬ ಅಮೆರಿಕೆಯ ಇಬ್ಬರು ಸಮಾಜಶಾಸ್ತ್ರಜ್ಞರು ಅಪರಾಧದ ಬಗ್ಗೆ ಒಂದು ಸಿದ್ಧಾಂತವನ್ನು ಮಂಡಿಸಿದರು. ಅವರ ಅಭಿಪ್ರಾಯದಂತೆ ಅಪರಾಧ ನಡೆಯಬೇಕಾದರೆ ಒಂದೇ ಕಾಲದಲ್ಲಿ, ಒಂದೇ ಸ್ಥಳದಲ್ಲಿ ಮೂರು ಸಂಗತಿಗಳು ಕೂಡಬೇಕು: ಕದಿಯಲು ಮನಸ್ಸುಳ್ಳವನು, ಕದಿಯಲು ಯೋಗ್ಯವಾದ ವಸ್ತು ಹಾಗೂ ಕಾಯುವವರ ಅಭಾವ. ಈ ಮೂರರಲ್ಲಿ ಯಾವುದಾದರೊಂದು ತಪ್ಪಿದರೂ ಅಪರಾಧ ನಡೆಯದು. ಕಳ್ಳನ ಮನಸ್ಸನ್ನು ತಿದ್ದುವುದು ಗಾಡಿಯ ಒಡೆಯನ ಕೈಯಲ್ಲಿಲ್ಲ. ವಸ್ತುವನ್ನು ಕದಿಯಲು ಕಷ್ಟವಾಗುವಂತೆ ಮಾಡುವುದು ಮತ್ತು ಕಾವಲನ್ನು ಏರ್ಪಡಿಸುವುದು ಮಾತ್ರ ನಮ್ಮಿಂದ ಸಾಧ್ಯ. ಮುಂದಿನ ವಿಚಾರವೆಲ್ಲ ಈ ಎರಡರ ಸುತ್ತಲೇ ಇದೆ.

ಕಾನೂನಿನ ದೃಷ್ಟಿಯಲ್ಲಿ ಎರಡು ಬಗೆ

ವಿದ್ಯುತ್ ಬೈಕುಗಳಲ್ಲಿ ಎರಡು ಬಗೆಗಳಿವೆ. ಇನ್ನೂರೈವತ್ತು ವ್ಯಾಟಿನೊಳಗಿನ ಮೋಟಾರುಳ್ಳ, ಗಂಟೆಗೆ ೨೫ ಕಿಲೋಮೀಟರು ಮೀರದ, ಬ್ಯಾಟರಿ ಬಿಟ್ಟು ೬೦ ಕಿಲೋ ತೂಕದೊಳಗಿನ ಗಾಡಿಗಳನ್ನು ಕೇಂದ್ರ ಮೋಟಾರು ವಾಹನ ನಿಯಮಗಳು ಮೋಟಾರು ವಾಹನವೆಂದೇ ಎಣಿಸುವುದಿಲ್ಲ. ಅವಕ್ಕೆ ನೋಂದಣಿ ಬೇಡ, ಲೈಸೆನ್ಸು ಬೇಡ, ವಿಮೆಯ ಕಡ್ಡಾಯವೂ ಇಲ್ಲ. ಇವುಗಳಿಗಿಂತ ಹೆಚ್ಚು ಶಕ್ತಿಯುಳ್ಳವು ಸಾರಿಗೆ ಕಚೇರಿಯಲ್ಲಿ ನೋಂದಣಿಯಾಗಿ, ಹಸಿರು ಫಲಕದ ಮೇಲೆ ಬಿಳಿಯ ಅಕ್ಷರಗಳಲ್ಲಿ ನಂಬರು ಪಡೆಯುತ್ತವೆ.

ಮೊದಲನೆಯ ಬಗೆಯದು ಅಗ್ಗವಾದುದರಿಂದ ವಿದ್ಯಾರ್ಥಿಗಳಿಗೆ ಪ್ರಿಯವಾಗಿದೆ. ಆದರೆ ನಂಬರು ಫಲಕವಿಲ್ಲದ ಗಾಡಿ ಕಳುವಾದರೆ ಅದನ್ನು ಗುರುತಿಸುವ ಸರ್ಕಾರೀ ದಾಖಲೆ ಯಾವುದೂ ಇರುವುದಿಲ್ಲ. ಹಿಂದಿನ ಕಾಲದಲ್ಲಿ ಅನೇಕ ಪುರಸಭೆಗಳು ಸೈಕಲ್ಲುಗಳಿಗೂ ತೆರಿಗೆ ವಿಧಿಸಿ ಲೋಹದ ಬಿಲ್ಲೆ ಕೊಡುತ್ತಿದ್ದವು; ಆ ಬಿಲ್ಲೆಯಷ್ಟು ಗುರುತೂ ಇಂದಿನ ಈ ಗಾಡಿಗಳಿಗಿಲ್ಲ. ಕಡಿಮೆ ಹಣವುಳ್ಳವನ ಗಾಡಿಗೇ ಕಡಿಮೆ ರಕ್ಷಣೆ ಎಂಬುದು ವಿಚಾರ ಮಾಡತಕ್ಕ ಮಾತು. ಆದುದರಿಂದ ಅಂಥ ಗಾಡಿಯ ಒಡೆಯನು ತನ್ನ ದಾಖಲೆಯನ್ನು ತಾನೇ ಇಟ್ಟುಕೊಳ್ಳಬೇಕು. ಚೌಕಟ್ಟಿನ ಮೇಲೆ, ಸಾಮಾನ್ಯವಾಗಿ ಪೆಡಲಿನ ಅಚ್ಚಿನ ಕೆಳಗೆ ಅಥವಾ ಹ್ಯಾಂಡಲಿನ ಬುಡದಲ್ಲಿ, ಒಂದು ಸಂಖ್ಯೆ ಕೊರೆದಿರುತ್ತದೆ. ಅದರ ಮೇಲೆ ತೆಳುವಾದ ಕಾಗದವನ್ನಿಟ್ಟು ಪೆನ್ಸಿಲಿನಿಂದ ಉಜ್ಜಿದರೆ ಸಂಖ್ಯೆ ಮೂಡುತ್ತದೆ. ಆ ಕಾಗದ, ಕೊಂಡ ರಸೀದಿ, ಬ್ಯಾಟರಿ ಹಾಗೂ ಮೋಟಾರಿನ ಸಂಖ್ಯೆಗಳು, ಗಾಡಿಯ ಎರಡು ಮೂರು ಫೋಟೋಗಳು ಇವಿಷ್ಟನ್ನು ಮನೆಯಲ್ಲಿ ಜೋಪಾನವಾಗಿಟ್ಟರೆ ಅದೇ ನಮ್ಮ ನೋಂದಣಿ ಪತ್ರ.

ಕಳ್ಳನ ಕಣ್ಣು ಬ್ಯಾಟರಿಯ ಮೇಲೆ

ಪೆಟ್ರೋಲು ಗಾಡಿಯನ್ನು ಕದಿಯುವವನು ಬಹುಮಟ್ಟಿಗೆ ಇಡೀ ಗಾಡಿಯನ್ನೇ ಕದಿಯುತ್ತಾನೆ. ವಿದ್ಯುತ್ ಗಾಡಿಯಲ್ಲಿ ಹಾಗಲ್ಲ. ಅದರ ಭಾಗಗಳಲ್ಲೆಲ್ಲ ಹೆಚ್ಚು ಬೆಲೆಯುಳ್ಳದ್ದು ಬ್ಯಾಟರಿ. ಅದು ಚೀಲದಲ್ಲಿ ಹಿಡಿಸುವಂಥದು, ಬೇಗ ಮಾರಾಟವಾಗುವಂಥದು. ಒಳಗಿನ ಕೋಶಗಳನ್ನು ಬಿಡಿಸಿದ ಮೇಲೆ ಅದರ ಗುರುತು ಹತ್ತುವುದು ಕಷ್ಟ. ಬ್ಯಾಟರಿಯ ಮೇಲೆ ಕಳ್ಳರಿಗಿರುವ ಮೋಹಕ್ಕೆ ಬೆಂಗಳೂರಿನ ಒಂದು ಪ್ರಕರಣವೇ ಸಾಕ್ಷಿ. ಅಲ್ಲಿ ೨೦೨೧–೨೨ರಲ್ಲಿ ರಸ್ತೆ ಕೂಡುವ ಸ್ಥಳಗಳಲ್ಲಿನ ಸಂಚಾರ ದೀಪಗಳಿಗೆ ಜೋಡಿಸಿದ್ದ ಇನ್ನೂರಕ್ಕೂ ಮಿಕ್ಕಿದ ಬ್ಯಾಟರಿಗಳು ಕೆಲವೇ ತಿಂಗಳಲ್ಲಿ ಕಳುವಾದವು. ಹಗಲಿರುಳು ಜನ ಓಡಾಡುವ ಚೌಕದಲ್ಲಿಯೇ ಹೀಗಾದರೆ, ಸಂತೆಯ ಮೂಲೆಯಲ್ಲಿ ನಿಲ್ಲಿಸಿದ ಬೈಕಿನ ಗತಿಯೇನು?

ಆದುದರಿಂದ ಬ್ಯಾಟರಿಯನ್ನು ಕಳಚಲು ಬರುವ ಗಾಡಿಯಾದರೆ, ಬಹಳ ಹೊತ್ತು ಬಿಟ್ಟುಹೋಗುವಾಗ ಅದನ್ನು ಜೊತೆಗೇ ಒಯ್ಯುವುದು ಉತ್ತಮ. ನಮ್ಮ ರಾಯಚೂರು ಸೀಮೆಯ ಬೇಸಿಗೆಯಲ್ಲಿ ಬಿಸಿಲಿನ ತಾಪ ನಾಲ್ವತ್ತು ಡಿಗ್ರಿ ಮೀರುವುದರಿಂದ, ನೆರಳಿನಲ್ಲಿಟ್ಟ ಬ್ಯಾಟರಿಯ ಬಾಳಿಕೆಗೂ ಇದು ಒಳ್ಳೆಯದು. ಕಳಚಲು ಬಾರದಂತೆ ಕೂಡಿಸಿದ್ದಾದರೆ ಗಾಡಿಯನ್ನೇ ಭದ್ರಪಡಿಸಬೇಕು. ಚಾರ್ಜರನ್ನಂತೂ ಗಾಡಿಯ ಮೇಲೆ ಬಿಡಲಾಗದು.

ಕೀಲಿಯ ಗುಣದೋಷ

ಭೇದಿಸಲಾಗದ ಕೀಲಿ ಜಗತ್ತಿನಲ್ಲಿ ಇಲ್ಲ. ಲಂಡನ್ನಿನ ಬ್ರಾಮಾ ಎಂಬ ಸಂಸ್ಥೆಯು ತನ್ನ ಕೀಲಿಯನ್ನು ತೆರೆದವರಿಗೆ ಇನ್ನೂರು ಗಿನಿ ಬಹುಮಾನವೆಂದು ಅಂಗಡಿಯ ಕಿಟಕಿಯಲ್ಲಿ ಸಾರಿತ್ತು. ಅನೇಕ ದಶಕಗಳ ಕಾಲ ಯಾರಿಂದಲೂ ಆಗಲಿಲ್ಲ. ೧೮೫೧ರ ಮಹಾಪ್ರದರ್ಶನಕ್ಕೆ ಬಂದ ಅಮೆರಿಕೆಯ ಆಲ್ಫ್ರೆಡ್ ಹಾಬ್ಸ್ ಎಂಬಾತನು ಹದಿನಾರು ದಿನಗಳಲ್ಲಿ ಒಟ್ಟು ಐವತ್ತೊಂದು ಗಂಟೆ ದುಡಿದು ಅದನ್ನು ತೆರೆದನು. ಬಹುಮಾನ ಹಾಬ್ಸನಿಗೆ ಸಂದಿತಾದರೂ, ಐವತ್ತೊಂದು ಗಂಟೆ ತಡೆದು ನಿಂತ ಕೀಲಿಯನ್ನು ಸೋತಿತೆಂದು ಹೇಳಲಾಗದು. ಕೀಲಿಯ ಕೆಲಸ ಕಳ್ಳನ ವೇಳೆಯನ್ನು ತಿನ್ನುವುದು. ಬಯಲಿನಲ್ಲಿ ನಿಂತ ಕಳ್ಳನಿಗೆ ಇರುವುದು ಒಂದೆರಡು ನಿಮಿಷ ಮಾತ್ರ. ಅಷ್ಟು ಹೊತ್ತು ತಡೆದರೆ ಬಹುಪಾಲು ಗೆದ್ದಂತೆಯೇ.

ತೆಳುವಾದ ತಂತಿಯ ಕೀಲಿ ಕೈಕತ್ತರಿಗೇ ತುಂಡಾಗುತ್ತದೆ. ಗಟ್ಟಿಗೊಳಿಸಿದ ಉಕ್ಕಿನ ದಪ್ಪ ಸರಪಳಿ ಅಥವಾ ಕುದುರೆಲಾಳದ ಆಕಾರದ ಕೀಲಿ ಉತ್ತಮ. ಆದರೆ ಉಕ್ಕಿನ ದಪ್ಪವೊಂದನ್ನೇ ನಂಬಲಾಗದು. ಕ್ರಿಪ್ಟೊನೈಟ್ ಎಂಬ ಹೆಸರಾಂತ ಕೀಲಿಯ ದುಂಡು ರಂಧ್ರದ ಬಗೆಯೊಂದು ಸಾಮಾನ್ಯ ಪೆನ್ನಿನ ಪ್ಲಾಸ್ಟಿಕ್ ಕೊಳವೆಯಿಂದ ತೆರೆಯುತ್ತದೆಂಬುದು ೨೦೦೪ರಲ್ಲಿ ಬಯಲಾಗಿ, ಸಂಸ್ಥೆಯು ಕೀಲಿಗಳನ್ನು ಬದಲಿಸಿಕೊಡಬೇಕಾಯಿತು. ಕೊಳ್ಳುವಾಗ ಸರಪಳಿಯನ್ನೂ ಕೀಲಿಕೈ ಹೋಗುವ ಭಾಗವನ್ನೂ ಸಮನಾಗಿ ಪರೀಕ್ಷಿಸಬೇಕು.

ಕೀಲಿ ಹಾಕುವುದಕ್ಕೂ ಒಂದು ಕ್ರಮವುಂಟು. ಮೊದಲನೆಯದಾಗಿ, ಮುಂದಿನ ಗಾಲಿಯೊಂದಕ್ಕೇ ಹಾಕಬಾರದು. ಗಾಲಿಯನ್ನು ಬಿಚ್ಚಿಟ್ಟು ಉಳಿದುದನ್ನು ಒಯ್ಯುವುದು ಸುಲಭ. ಚೌಕಟ್ಟು ಹಾಗೂ ಹಿಂದಿನ ಗಾಲಿ ಎರಡೂ ಸೇರುವಂತೆ ಹಾಕಬೇಕು. ಎರಡನೆಯದಾಗಿ, ಅದನ್ನು ನೆಲದಲ್ಲಿ ಹೂತ ಕಬ್ಬಿಣದ ಕಂಬಕ್ಕೋ ಸರಳಿಗೋ ಬಿಗಿಯಬೇಕು. ವಿದ್ಯುತ್ ಸೈಕಲ್ಲಿನ ತೂಕ ಇಪ್ಪತ್ತು ಮೂವತ್ತು ಕಿಲೋ ಮಾತ್ರ. ಕಂಬಕ್ಕೆ ಕಟ್ಟದಿದ್ದರೆ ಕೀಲಿಸಮೇತ ಹೊತ್ತೊಯ್ಯಬಹುದು. ಎಳೆಯ ಗಿಡ, ತಂತಿಬೇಲಿ, ಮೇಲೆ ತೆರೆದ ಗಿಡ್ಡ ಗೂಟ ಇವು ಪ್ರಯೋಜನವಿಲ್ಲ. ಮೂರನೆಯದಾಗಿ, ಸರಪಳಿ ಸಡಿಲವಾಗಿ ನೆಲಕ್ಕೆ ತಾಗಬಾರದು. ನೆಲಕ್ಕೆ ತಾಗಿದರೆ ಕತ್ತರಿಯ ಒಂದು ಹಿಡಿಯನ್ನು ನೆಲಕ್ಕೂರಿ ಇನ್ನೊಂದರ ಮೇಲೆ ಮೈಭಾರವನ್ನೆಲ್ಲ ಬಿಡಲು ಕಳ್ಳನಿಗೆ ಅನುಕೂಲ. ನಾಲ್ಕನೆಯದಾಗಿ, ಹ್ಯಾಂಡಲ್ ಲಾಕನ್ನು ಐದೇ ನಿಮಿಷದ ಕೆಲಸವಿದ್ದರೂ ಬಿಡಬಾರದು.

ಹ್ಯಾಂಡಲ್ ಲಾಕಿನಂಥ ಅಲ್ಪ ಸಾಧನದ ಮಹತ್ವಕ್ಕೆ ಜರ್ಮನಿಯ ಅನುಭವವೇ ಸಾಕ್ಷಿ. ಪಶ್ಚಿಮ ಜರ್ಮನಿಯಲ್ಲಿ ೧೯೬೩ರಲ್ಲಿ ಹಳೆಯ ಹೊಸ ಕಾರುಗಳಿಗೆಲ್ಲ ಸ್ಟಿಯರಿಂಗ್ ಕೀಲಿಯನ್ನು ಕಡ್ಡಾಯ ಮಾಡಲು ಕಾರುಗಳ ಕಳವು ಗಣನೀಯವಾಗಿ ಇಳಿಯಿತು. ಬ್ರಿಟನ್ನಿನಲ್ಲಿ ೧೯೭೧ರಲ್ಲಿ ಹೊಸ ಕಾರುಗಳಿಗೆ ಮಾತ್ರ ಕಡ್ಡಾಯವಾಗಲು ಕಳ್ಳರು ಹಳೆಯ ಕಾರುಗಳತ್ತ ತಿರುಗಿದರು. ಒಬ್ಬನೇ ಕೀಲಿ ಹಾಕಿದರೆ ಕಳ್ಳತನವು ಪಕ್ಕದವನಿಗೆ ದಾಟುತ್ತದೆ. ಎಲ್ಲರೂ ಹಾಕಿದರೆ ಕಳ್ಳತನವೇ ತಗ್ಗುತ್ತದೆ.

ವಿದ್ಯುತ್ ಸಾಧನಗಳ ನೆರವು ಮತ್ತು ಮಿತಿ

ಈ ಗಾಡಿಗಳಿಗೆ ಇನ್ನೊಂದು ಬಲವುಂಟು. ಮೋಟಾರಿನ ಸುರುಳಿಗಳ ಮೂರು ತಂತಿಗಳನ್ನು ಒಂದಕ್ಕೊಂದು ಕೂಡಿಸಿದರೆ, ಗಾಲಿ ತಿರುಗುವಾಗ ಹುಟ್ಟುವ ವಿದ್ಯುತ್ತೇ ಗಾಲಿಯನ್ನು ಹಿಂದಕ್ಕೆ ತಡೆಯುತ್ತದೆ. ಕೆಲವು ಗಾಡಿಗಳಲ್ಲಿ ಈ ತತ್ವದಿಂದಲೇ ಗಾಲಿಯನ್ನು ಬಿಗಿಗೊಳಿಸಿ, ಯಾರಾದರೂ ಅಲುಗಿಸಿದರೆ ಕೂಗುವ ಗಂಟೆಯನ್ನೂ ಇಟ್ಟಿರುತ್ತಾರೆ. ಇದು ತಳ್ಳುವವನನ್ನು ತಡೆಯುತ್ತದೆಯೇ ಹೊರತು ಎತ್ತಿ ವಾಹನಕ್ಕೆ ಹಾಕುವವನನ್ನು ತಡೆಯದು.

ಜಿ.ಪಿ.ಎಸ್. ಸಾಧನದ ಬಗ್ಗೆಯೂ ತಪ್ಪು ತಿಳಿವಳಿಕೆಯಿದೆ. ಅದು ಉಪಗ್ರಹಗಳ ಸಂಕೇತಗಳನ್ನು ಕೇಳಿ ತಾನಿರುವ ಸ್ಥಳವನ್ನು ಲೆಕ್ಕ ಹಾಕುತ್ತದೆ, ಅಷ್ಟೆ. ಆ ಸ್ಥಳವನ್ನು ನಮಗೆ ತಿಳಿಸುವುದು ಅದರೊಳಗಿನ ಸಿಮ್. ದೂರವಾಣಿಯ ಸಂಕೇತ ಸಿಗದಲ್ಲಿ ಅದು ಮೂಕ. ಮುಖ್ಯ ಬ್ಯಾಟರಿಯನ್ನು ಕಿತ್ತರೆ, ತನ್ನದೇ ಸಣ್ಣ ಬ್ಯಾಟರಿ ಇಲ್ಲದಿದ್ದಲ್ಲಿ, ಸತ್ತಂತೆ. ಅದು ಕಳವನ್ನು ತಡೆಯದು. ಕಳುವಾದುದನ್ನು ಹುಡುಕಲು ನೆರವಾಗುತ್ತದೆ. ಅದು ತೋರಿಸಿದ ಸ್ಥಳಕ್ಕೆ ಒಡೆಯನು ಒಬ್ಬನೇ ಓಡುವುದು ಅಪಾಯ, ಪೋಲೀಸರೊಡನೆ ಹೋಗಬೇಕು.

ನಿಲ್ಲಿಸುವ ಸ್ಥಳ

ನಮ್ಮ ಕಡೆ ಬಿಸಿಲಿಗೆ ಅಂಜಿ ಜನರು ಗಾಡಿಯನ್ನು ಗೋಡೆಯ ಹಿಂದಣ ನೆರಳಿಗೆ ನಿಲ್ಲಿಸುತ್ತಾರೆ. ನೆರಳು ಹಿತವೇ, ಆದರೆ ಕಣ್ಣಿಗೆ ಬೀಳದ ನೆರಳು ಕಳ್ಳನಿಗೂ ಹಿತ. ಬಸ್‌ಸ್ಟ್ಯಾಂಡು, ಆಸ್ಪತ್ರೆ, ತಹಶೀಲ ಕಚೇರಿ, ಬ್ಯಾಂಕು ಇಂಥಲ್ಲಿ ಚಹದಂಗಡಿಯ ಎದುರು, ಕಾವಲುಗಾರನ ಇಲ್ಲವೇ ಸಿ.ಸಿ. ಕ್ಯಾಮರಾದ ದೃಷ್ಟಿಯಲ್ಲಿ ನಿಲ್ಲಿಸುವುದು ಲೇಸು. ಗಾಡಿಯನ್ನು ಮಾನ್ವಿಯಲ್ಲಿ ಬಿಟ್ಟು ರಾಯಚೂರಿಗೆ ಬಸ್ಸಿನಲ್ಲಿ ಹೋಗುವವರು ದಿನವಿಡೀ ಅದನ್ನು ಬಯಲಲ್ಲಿ ಬಿಡದೆ, ಚೀಟಿ ಕೊಡುವ ಸ್ಟ್ಯಾಂಡಿನಲ್ಲಾಗಲಿ ಪರಿಚಯದ ಮನೆಯಲ್ಲಾಗಲಿ ಬಿಡಬೇಕು. ದಿನವೂ ಒಂದೇ ವೇಳೆಗೆ, ಒಂದೇ ಮೂಲೆಯಲ್ಲಿ ನಿಲ್ಲುವ ಗಾಡಿಯ ದಿನಚರಿಯನ್ನು ಕಳ್ಳನೂ ಕಲಿಯಬಲ್ಲನು.

ಕಳುವಾದ ಮೇಲೆ

ಇಷ್ಟಾದರೂ ಕಳುವಾದರೆ ವೇಳೆ ಕಳೆಯಬಾರದು. ೧೧೨ಕ್ಕೆ ಕರೆಮಾಡಿ ತಿಳಿಸಿ, ಠಾಣೆಯಲ್ಲಿ ಫಿರ್ಯಾದಿ ಕೊಡಬೇಕು. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೧೭೩ನೆಯ ಕಲಮಿನಂತೆ ಯಾವ ಠಾಣೆಯಲ್ಲಿಯಾದರೂ ದೂರು ಕೊಡಬಹುದು. ವಿದ್ಯುನ್ಮಾನ ಸಾಧನದ ಮೂಲಕ ಕೊಟ್ಟರೆ ಮೂರು ದಿನಗಳೊಳಗೆ ಸಹಿ ಮಾಡಬೇಕು. ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಫಿರ್ಯಾದಿಗೆ ಉಚಿತವಾಗಿ ಕೊಡತಕ್ಕದ್ದು. ಇದು ಹಕ್ಕು, ಅಂಜದೆ ಕೇಳಬೇಕು. ಭಾರತೀಯ ನ್ಯಾಯ ಸಂಹಿತೆಯ ೩೦೩ನೆಯ ಕಲಮಿನಂತೆ ಕಳ್ಳತನಕ್ಕೆ ಮೂರು ವರ್ಷಗಳವರೆಗೆ ಶಿಕ್ಷೆಯುಂಟು. ಕದ್ದ ಮಾಲೆಂದು ತಿಳಿದೂ ಕೊಳ್ಳುವುದು ಸಹ ಅಪರಾಧ. ರಸೀದಿಯಿಲ್ಲದೆ ಅಗ್ಗಕ್ಕೆ ಬಂದ ಬ್ಯಾಟರಿಯನ್ನು ಕೊಳ್ಳುವವನು ಕಳ್ಳನಿಗೆ ಸಂತೆ ಕಟ್ಟಿಕೊಟ್ಟಂತೆ.

ವಿಮೆಯ ವಿಷಯದಲ್ಲಿಯೂ ಎಚ್ಚರ ಬೇಕು. ಕಾನೂನು ಕಡ್ಡಾಯ ಮಾಡಿರುವುದು ಮೂರನೆಯವರಿಗಾಗುವ ಹಾನಿಯ ವಿಮೆಯನ್ನು ಮಾತ್ರ. ಅದರಿಂದ ಕಳವಿಗೆ ಕಾಸೂ ದೊರೆಯದು. ಸ್ವಂತ ಹಾನಿ ಮತ್ತು ಕಳವನ್ನು ಒಳಗೊಂಡ ಸಮಗ್ರ ವಿಮೆಯನ್ನು ಮಾಡಿಸಿದ್ದರೆ ಗಾಡಿಯ ಅಂದಿನ ಘೋಷಿತ ಮೌಲ್ಯ ಸಿಗುತ್ತದೆ. ವಿಮಾ ಸಂಸ್ಥೆಗೂ ಕೂಡಲೇ ತಿಳಿಸಬೇಕು. ದೂರನ್ನು ತಡಮಾಡದೆ ದಾಖಲಿಸಿದ್ದರೆ, ಸಂಸ್ಥೆಗೆ ತಿಳಿಸುವುದು ತಡವಾಯಿತೆಂಬ ಒಂದೇ ಕಾರಣದಿಂದ ಪರಿಹಾರವನ್ನು ನಿರಾಕರಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯವು ೨೦೨೦ರಲ್ಲಿ ಗುರ್ಶಿಂದರ್ ಸಿಂಗ್ ಪ್ರಕರಣದಲ್ಲಿ ತೀರ್ಪಿತ್ತಿದೆ.

ನಮ್ಮ ಕರ್ತವ್ಯ

ಕೊನೆಯದಾಗಿ, ಕಾವಲೆಂಬುದು ಒಬ್ಬನಿಂದ ಆಗುವ ಕೆಲಸವಲ್ಲ. ಕಾಲೇಜುಗಳ ಆವರಣದಲ್ಲಿ ನೆಲಕ್ಕೆ ಸಿಮೆಂಟಿನಿಂದ ಹೂತ ಕಬ್ಬಿಣದ ಸರಳುಗಳ ಸಾಲೊಂದು, ಅದರ ಮೇಲೊಂದು ತಗಡಿನ ಚಪ್ಪರ, ವಿದ್ಯಾರ್ಥಿಗಳ ಗಾಡಿಗಳ ಚೌಕಟ್ಟಿನ ಸಂಖ್ಯೆಗಳನ್ನು ಬರೆದಿಡುವ ಒಂದು ಪುಸ್ತಕ ಇವಿಷ್ಟು ಏರ್ಪಟ್ಟರೆ ಹೆಚ್ಚು ಖರ್ಚಿಲ್ಲದೆ ದೊಡ್ಡ ಉಪಕಾರವಾಗುವುದು. ನಂಬರು ಫಲಕವಿಲ್ಲದ ಗಾಡಿಗೆ ಆ ಪುಸ್ತಕವೇ ಸಾಕ್ಷಿಯಾಗಬಲ್ಲದು. ಪಕ್ಕದ ಗಾಡಿಯನ್ನು ಅಪರಿಚಿತನೊಬ್ಬನು ಅಲುಗಿಸುತ್ತಿದ್ದರೆ ‘ಯಾರ ಗಾಡಿರೀ ಇದು?’ ಎಂದು ಕೇಳುವುದಕ್ಕೆ ಖರ್ಚೇ ಇಲ್ಲ. ಗುರುಹಿರಿಯರೂ ಸಹಪಾಠಿ ಮಿತ್ರರೂ ಈ ಸೂಚನೆಗಳನ್ನು ಪರಾಂಬರಿಸಿ, ಮುಂದಿನ ವರ್ಷಾರಂಭದೊಳಗೆ ಇವುಗಳಲ್ಲಿ ಒಂದೆರಡನ್ನಾದರೂ ಕಾರ್ಯರೂಪಕ್ಕೆ ತರುವರೆಂದು ಆಶಿಸುತ್ತೇನೆ.