ಫೀಸ್ ಇಲ್ಲದ ಶಾಲೆಯ ಖರ್ಚು

ಜರ್ಮನಿಯಲ್ಲಿ ಕೆಲಸ ಸಿಕ್ಕಿದೆ, ಹೋಗಲೋ ಬೇಡವೋ ಎಂದು ಬೆಂಗಳೂರಿನಿಂದ ಫೋನ್ ಮಾಡುವವರು ಸಂಬಳದ ಅಂಕಿ ಹೇಳಿ, ‘ಇಷ್ಟರಲ್ಲಿ ಮ್ಯೂನಿಕ್‌ನಲ್ಲಿ ಸಂಸಾರ ತೂಗಿಸಬಹುದಾ?’ ಎಂದು ಕೇಳುತ್ತಾರೆ. ಮಕ್ಕಳು ಎಷ್ಟನೇ ಕ್ಲಾಸು ಎಂದು ನಾನು ತಿರುಗಿ ಕೇಳುತ್ತೇನೆ. ಬಾಡಿಗೆ, ತೆರಿಗೆ, ದಿನಸಿ ಎಲ್ಲ ಕೆಲವು ತಿಂಗಳಲ್ಲಿ ಒಂದು ಹದಕ್ಕೆ ಬರುತ್ತವೆ. ಮಕ್ಕಳ ಓದಿನ ಲೆಕ್ಕ ಹಾಗಲ್ಲ, ಅದು ಅವರು ಯಾವ ವಯಸ್ಸಿನಲ್ಲಿ ಇಲ್ಲಿಗೆ ಬಂದಿಳಿದರು ಎಂಬುದರ ಮೇಲೆ ನಿಂತಿದೆ.

ಓದು ಪುಕ್ಕಟೆ ಎಂಬ ಮಾತು ಸುಳ್ಳಲ್ಲ. ಸರ್ಕಾರಿ ಶಾಲೆಗೆ ಫೀಸ್ ಇಲ್ಲ, ಡೊನೇಷನ್ ಇಲ್ಲ, ಅಪ್ಪ-ಅಮ್ಮನ ಇಂಟರ್‌ವ್ಯೂ ಇಲ್ಲ. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ಮನೆಯ ವಿಳಾಸ ನೋಡಿ ಪ್ರೈಮರಿ ಶಾಲೆ ಗೊತ್ತುಮಾಡುತ್ತಾರೆ. ಡಾಕ್ಟರ ಮಗಳೂ ಬಸ್ ಡ್ರೈವರ್ ಮಗನೂ ಅಕ್ಕಪಕ್ಕ ಕೂರುತ್ತಾರೆ. ಬೆಂಗಳೂರಿನಲ್ಲಿ ಮಗಳ ಎಲ್‌ಕೆಜಿ ಸೀಟಿಗೆ ಲಕ್ಷಗಟ್ಟಲೆ ಎಣಿಸಿ ಬಂದಿದ್ದ ನನಗೆ ಮೊದಲು ಇದು ನಂಬಿಕೆಯೇ ಆಗಲಿಲ್ಲ.

ಹಾಗಂತ ಜೇಬಿಗೆ ಕೈ ಹಾಕುವುದು ತಪ್ಪುವುದಿಲ್ಲ. ಮಗ ಒಂದನೇ ತರಗತಿಗೆ ಸೇರುವ ಮುಂಚೆ ಶಾಲೆಯಿಂದ ಒಂದು ಪಟ್ಟಿ ಬಂತು. ಒಂದನೇ ಕ್ಲಾಸಿನವರಿಗೆಂದೇ ಗೆರೆ ಹಾಕಿದ ನೋಟ್‌ಬುಕ್ಕು, ಗಣಿತಕ್ಕೆ ಚೌಕುಳಿಯದು, ಒಂದೊಂದು ವಿಷಯಕ್ಕೆ ಒಂದೊಂದು ಬಣ್ಣದ ಹೊದಿಕೆ, ಮೇಣದ ಬಳಪ, ದಪ್ಪ-ಸಣ್ಣ ಬ್ರಶ್ಶು, ತರಗತಿಯೊಳಗೆ ಹಾಕಿಕೊಳ್ಳಲು ಬೇರೆ ಚಪ್ಪಲಿ. ಒಂದೊಂದು ಪೆನ್ಸಿಲ್ ಮೇಲೂ ಹೆಸರು ಬರೆದಿರಬೇಕು. ಒಳ್ಳೆಯ ಕಂಪನಿಯ ಸ್ಕೂಲ್ ಬ್ಯಾಗು ಹೊಸದಾದರೆ 200 ಯೂರೊ ದಾಟುತ್ತದೆ. ನಾವು ಹಳೆ ಸಾಮಾನಿನ ಸಂತೆಯಲ್ಲಿ ಅದರ ಕಾಲು ಭಾಗಕ್ಕೆ ಕೊಂಡೆವು, ಮಗನಿಗೆ ವ್ಯತ್ಯಾಸ ತಿಳಿಯಲಿಲ್ಲ. ಮೊದಲ ದಿನ ಪ್ರತಿ ಮಗುವಿನ ಕೈಗೂ ಅದರ ಎದೆಮಟ್ಟಕ್ಕೆ ಬರುವ ಬಣ್ಣದ ಕಾಗದದ ದೊಡ್ಡ ಪೊಟ್ಟಣ ಕೊಡುವುದು ಇಲ್ಲಿನ ಪದ್ಧತಿ, ಶೂಲ್‌ಟ್ಯೂಟೆ ಅಂತ. ತುಂಬಿಸುವ ಕೆಲಸ ಅಪ್ಪ-ಅಮ್ಮನದು. ನನ್ನ ಹೆಂಡತಿ ಚಾಕೊಲೇಟಿನ ಜೊತೆ ಮೈಸೂರಿನಿಂದ ಅತ್ತೆ ಕಳಿಸಿದ್ದ ಕೊಬ್ಬರಿ ಮಿಠಾಯಿಯನ್ನೂ ತುರುಕಿದ್ದಳು.

ಇವೆಲ್ಲ ಚಿಲ್ಲರೆ ಖರ್ಚು. ಹಣ ನಿಜವಾಗಿ ಹೋಗುವುದು ಗಡಿಯಾರದ ದಾರಿಯಲ್ಲಿ. ಚಿಕ್ಕ ತರಗತಿಗಳಲ್ಲಿ ಕೆಲವು ದಿನ ಹನ್ನೊಂದೂಕಾಲಿಗೇ ಶಾಲೆ ಮುಗಿಯುತ್ತದೆ. ಮಧ್ಯಾಹ್ನ ಮಕ್ಕಳನ್ನು ನೋಡಿಕೊಳ್ಳುವ ‘ಹೋರ್ಟ್’ನಲ್ಲಿ ಸೀಟು ಸಿಗುವುದು ಮ್ಯೂನಿಕ್‌ನಲ್ಲಿ ಅದೃಷ್ಟದ ಮಾತು. ಸೀಟು ಸಿಗದಿದ್ದರೆ ಅಪ್ಪನೋ ಅಮ್ಮನೋ ಅರ್ಧ ಹೊತ್ತಿನ ಕೆಲಸಕ್ಕೆ ಇಳಿಯಬೇಕು, ನಮ್ಮವರಲ್ಲಿ ಅದು ಯಾವಾಗಲೂ ಅಮ್ಮನೇ. ಮೇಲಾಗಿ ಗಂಡನ ತೆರಿಗೆ ಮೂರನೇ ವರ್ಗದಲ್ಲಿದ್ದರೆ ಹೆಂಡತಿಯದು ಐದನೆಯದಕ್ಕೆ ಹೋಗಿ, ಅವಳ ಪೇ ಸ್ಲಿಪ್ಪಿನಲ್ಲಿ ಕಡಿತ ಕಣ್ಣಿಗೆ ರಾಚುತ್ತದೆ. ವರ್ಷದ ಕೊನೆಗೆ ಇಬ್ಬರದೂ ಸೇರಿಸಿ ಲೆಕ್ಕ ಹಾಕಿದಾಗ ಸರಿಹೋಗುವ ವ್ಯವಸ್ಥೆ ಇದು. ಆದರೆ ಎಷ್ಟೋ ಹೆಣ್ಣುಮಕ್ಕಳು ಆ ಸ್ಲಿಪ್ಪು ನೋಡಿ ‘ಇಷ್ಟಕ್ಕೆ ಯಾಕೆ ಒದ್ದಾಡಲಿ’ ಎಂದು ಕೆಲಸ ಬಿಟ್ಟಿದ್ದನ್ನು ಕಂಡಿದ್ದೇನೆ. ಪುಕ್ಕಟೆ ಶಾಲೆಯ ದೊಡ್ಡ ಫೀಸು ಮನೆಯ ಎರಡನೇ ಸಂಬಳ. 2026ರ ಆಗಸ್ಟ್‌ನಿಂದ ಒಂದನೇ ತರಗತಿಯ ಮಕ್ಕಳಿಗೆ ಪೂರ್ತಿ ದಿನದ ಆರೈಕೆ ಕಾನೂನುಬದ್ಧ ಹಕ್ಕು, ಆಮೇಲೆ ವರ್ಷಕ್ಕೊಂದು ತರಗತಿಯಂತೆ ನಾಲ್ಕನೆಯದರವರೆಗೆ. ಕಾಗದದ ಮೇಲಿನ ಹಕ್ಕಿಗೆ ಟೀಚರುಗಳೂ ಕೋಣೆಗಳೂ ಸಿಗಬೇಕಷ್ಟೆ.

ಬವೇರಿಯಾಗೆ ಬರುವವರು ನಾಲ್ಕನೇ ತರಗತಿಯನ್ನು ಕೆಂಪು ಶಾಯಿಯಲ್ಲಿ ಗುರುತು ಹಾಕಿಕೊಳ್ಳಬೇಕು. ಆ ವರ್ಷದ ಮೇ ತಿಂಗಳಲ್ಲಿ ಜರ್ಮನ್, ಗಣಿತ, ಪರಿಸರ-ಸಮಾಜ ಈ ಮೂರರ ಸರಾಸರಿ ಬರುತ್ತದೆ. ಇಲ್ಲಿ 1 ಅತ್ಯುತ್ತಮ, 6 ಕೊನೆ. 2.33 ಅಥವಾ ಅದಕ್ಕಿಂತ ಚೆನ್ನಾಗಿದ್ದರೆ ವಿಶ್ವವಿದ್ಯಾಲಯದ ಕಡೆ ಹೋಗುವ ಗಿಮ್ನಾಸಿಯಂ, 2.66ರವರೆಗೆ ಮಧ್ಯಮ ಹಂತದ ರಿಯಾಲ್‌ಶೂಲೆ, ಉಳಿದವರಿಗೆ ಕಸುಬಿನ ಕಡೆ ಹೋಗುವ ಮಿಟ್ಟೆಲ್‌ಶೂಲೆ. ಬರ್ಲಿನ್‌ನಲ್ಲಿ ಪ್ರೈಮರಿ ಆರು ವರ್ಷ, ಮಗುವಿಗೆ ಉಸಿರಾಡಲು ಸಮಯವಿದೆ. ಒಂದೋ ಎರಡೋ ತರಗತಿಗೆ ಬಂದ ಮಗು ಜರ್ಮನ್ ಭಾಷೆಯನ್ನು ಆಟದ ಮೈದಾನದಲ್ಲೇ ಎತ್ತಿಕೊಳ್ಳುತ್ತದೆ. ನಾಲ್ಕರ ನಡುವೆ ಬಂದವರಿಗೆ ಪರಭಾಷಿಕರೆಂದು ಸ್ವಲ್ಪ ರಿಯಾಯಿತಿ ಇದೆ, ಸರಾಸರಿ ತಪ್ಪಿದವರಿಗೆ ಮೂರು ದಿನದ ಪ್ರಯೋಗ ತರಗತಿಯೂ ಇದೆ. ಆದರೂ ಲೆಕ್ಕದಲ್ಲಿ ಚುರುಕಾದ ಹುಡುಗ ಜರ್ಮನ್ ಪ್ರಬಂಧದಲ್ಲಿ ಎಡವಿ ಕೆಳಗಿನ ಶಾಲೆಗೆ ಹೋಗುವುದು ಅಪರೂಪವಲ್ಲ.

ಹೋದರೆ ಆಕಾಶ ಕಳಚಿ ಬೀಳುವುದಿಲ್ಲ. ರಿಯಾಲ್‌ಶೂಲೆ ಮುಗಿಸಿ ಫಾಖ್‌ಓಬರ್‌ಶೂಲೆ ಎಂಬ ಮೇಲಿನ ಹಂತದ ಶಾಲೆ ಸೇರಿ, ಹದಿಮೂರನೇ ತರಗತಿಯವರೆಗೆ ಓದಿ ವಿಶ್ವವಿದ್ಯಾಲಯಕ್ಕೆ ಹೋಗಬಹುದು. ನಮ್ಮವರು ಮೂಗು ಮುರಿಯುವ ಕಸುಬಿನ ತರಬೇತಿ, ಅಂದರೆ ಔಸ್‌ಬಿಲ್ಡುಂಗ್, ಹಣದ ದೃಷ್ಟಿಯಿಂದ ಬಹಳ ಲಾಯಕ್ಕಾದ ದಾರಿ. 2025ರಲ್ಲಿ ಶುರುಮಾಡಿದವರಿಗೆ ಮೊದಲ ವರ್ಷವೇ ತಿಂಗಳಿಗೆ ಕನಿಷ್ಠ 682 ಯೂರೊ ಕೈಗೆ ಕೊಟ್ಟು ಕಲಿಸುತ್ತಾರೆ. ಪಕ್ಕದ ಬಾಡೆನ್-ವುರ್ಟೆಂಬರ್ಗ್‌ನಲ್ಲಿ ದ್ವಿಮುಖ ವಿಶ್ವವಿದ್ಯಾಲಯವೇ ಇದೆ. ಮೂರು ತಿಂಗಳು ತರಗತಿ, ಮೂರು ತಿಂಗಳು ಕಂಪನಿ, ಓದುವಾಗಲೂ ಸಂಬಳ. ಹುಬ್ಬಳ್ಳಿಯಿಂದ ಬಂದ ಒಬ್ಬ ಅಪ್ಪ ಇದನ್ನು ನನ್ನಿಂದ ಕೇಳಿ, ‘ಮಗ ಇಂಜಿನಿಯರ್ ಆಗ್ಬೇಕ್ರಿ, ಮೆಕ್ಯಾನಿಕ್ ಅಲ್ಲ’ ಅಂದರು. ಎರಡೂ ಆಗುವುದು ಇಲ್ಲಿ ಸಾಧ್ಯ ಎಂದು ಅವರನ್ನು ಒಪ್ಪಿಸಲು ನನ್ನಿಂದ ಆಗಲಿಲ್ಲ.

ಭಾಷೆಯ ಭಯಕ್ಕೆ ಇಂಟರ್‌ನ್ಯಾಷನಲ್ ಶಾಲೆ ಹುಡುಕುವವರು ಒಂದು ಲೆಕ್ಕ ಮಾಡಿ. ಮ್ಯೂನಿಕ್‌ನ ಹೆಸರಾಂತ ಶಾಲೆಗಳಲ್ಲಿ ದೊಡ್ಡ ತರಗತಿಗೆ ವರ್ಷಕ್ಕೆ 20 ಸಾವಿರ ಯೂರೊ ದಾಟುತ್ತದೆ. ಇಬ್ಬರು ಮಕ್ಕಳೆಂದರೆ 40 ಸಾವಿರ. ವರ್ಷಕ್ಕೆ 80 ಸಾವಿರ ಸಂಬಳದವರಿಗೆ ಕಡಿತವೆಲ್ಲ ಕಳೆದು ಕೈಗೆ ಬರುವುದು ಐವತ್ತು ಸಾವಿರದ ಆಸುಪಾಸು. ಫೀಸಿನ ಶೇ 30ರಷ್ಟನ್ನು, ಮಗುವೊಂದಕ್ಕೆ ಗರಿಷ್ಠ 5,000 ಯೂರೊವರೆಗೆ, ಆದಾಯದಿಂದ ಕಳೆಯಲು ಬಿಡುತ್ತಾರೆ. ಹಾಗೆ ಉಳಿಯುವ ತೆರಿಗೆ ಮಗುವೊಂದಕ್ಕೆ ಒಂದೂವರೆ ಸಾವಿರ ಯೂರೊ ಆದರೆ ಹೆಚ್ಚು. ಕಂಪನಿ ಕಟ್ಟುತ್ತದೆಯೇ? ಹಾಗಿದ್ದರೆ ಎಷ್ಟು ವರ್ಷ ಎಂದು ಲಿಖಿತವಾಗಿ ಕೇಳಿ. ಎರಡು ವರ್ಷಕ್ಕೆ ಭತ್ಯೆ ನಿಂತು, ಹನ್ನೊಂದನೇ ತರಗತಿಯ ಮಗಳನ್ನು ಎತ್ತ ಹಾಕುವುದೆಂದು ತಿಳಿಯದೆ ಊರಿನ ನಿವೇಶನ ಮಾರಿದ ಕುಟುಂಬವೊಂದು ನನಗೆ ಗೊತ್ತು. ಇನ್ನೊಂದು ವಿಷಯ: ಕಂಪನಿ ಕಟ್ಟುವ ಶಾಲಾ ಫೀಸು ನಿಮ್ಮ ಸಂಬಳವೆಂದೇ ಎಣಿಕೆಯಾಗಿ ಅದಕ್ಕೂ ತೆರಿಗೆ ಬೀಳುತ್ತದೆ. ಶಾಲೆಗೆ ಇನ್ನೂ ಸೇರದ ಮಗುವಿನ ಶಿಶುವಿಹಾರದ ಖರ್ಚನ್ನು ಸಂಬಳದ ಮೇಲೆ ಪ್ರತ್ಯೇಕವಾಗಿ ಕೊಟ್ಟರೆ ಮಾತ್ರ ಅದು ತೆರಿಗೆಮುಕ್ತ. ಆಫರ್ ಮಾತಾಡುವಾಗ ಕೇಳಬೇಕಾದ್ದು ಇದು, ಯಾರೂ ಕೇಳುವುದಿಲ್ಲ.

ಹದಿನಾರು-ಹದಿನೇಳರ ಮಕ್ಕಳಿರುವ ಮನೆಯಲ್ಲಿ ವಿಷಯ ಬೇರೆಯೇ. ಇಲ್ಲಿ ಶಾಲೆಯ ಕೊನೆಯ ಅಬಿಟೂರ್ ಪರೀಕ್ಷೆ ಪಾಸಾದ ಭಾರತೀಯ ಮಗುವನ್ನು ವಿಶ್ವವಿದ್ಯಾಲಯ ಜರ್ಮನ್ ಮಕ್ಕಳ ಸಾಲಿನಲ್ಲೇ ನೋಡುತ್ತದೆ, ವೈದ್ಯಕೀಯಕ್ಕೂ ಅಷ್ಟೇ. ಬೋಧನಾ ಶುಲ್ಕವಿಲ್ಲ, ಸೆಮಿಸ್ಟರ್‌ಗೊಮ್ಮೆ ಕಟ್ಟುವ ಸಣ್ಣ ವಂತಿಗೆ ಮಾತ್ರ. ಅದೇ ಮಗು ಊರಿನಲ್ಲಿ ಪಿಯುಸಿ ಮುಗಿಸಿ ಬಂದರೆ ನೇರ ಪ್ರವೇಶ ಸಿಗದು. ಜೆಇಇ ಅಡ್ವಾನ್ಸ್ಡ್ ಪಾಸಾಗಿರಬೇಕು, ಇಲ್ಲವೇ ಭಾರತದಲ್ಲಿ ಡಿಗ್ರಿ ಶುರುಮಾಡಿ ವರ್ಷ ಮುಗಿಸಿರಬೇಕು, ಅದೂ ಇಲ್ಲದಿದ್ದರೆ ಸ್ಟೂಡಿಯನ್‌ಕೊಲೆಗ್ ಎಂಬ ಪೂರ್ವಸಿದ್ಧತಾ ಕಾಲೇಜಿನಲ್ಲಿ ಒಂದು ವರ್ಷ ಓದಿ ಪರೀಕ್ಷೆ ಕಟ್ಟಬೇಕು. ಬಾಡೆನ್-ವುರ್ಟೆಂಬರ್ಗ್‌ನಲ್ಲಿ ಐರೋಪ್ಯ ಒಕ್ಕೂಟದ ಹೊರಗಿನಿಂದ ಓದಲು ಬಂದವರಿಗೆ 2017ರಿಂದ ಸೆಮಿಸ್ಟರ್‌ಗೆ 1,500 ಯೂರೊ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯವೂ 2024ರ ಚಳಿಗಾಲದ ಸೆಮಿಸ್ಟರಿನಿಂದ ಪದವಿ ಓದಿಗೆ ಸೆಮಿಸ್ಟರ್‌ಗೆ 2,000ದಿಂದ 3,000 ಯೂರೊ ವಸೂಲಿ ಶುರುಮಾಡಿದೆ. ಮಗುವಿಗೆ 18 ತುಂಬಿದ್ದರೆ ಅಪ್ಪನ ವೀಸಾದ ಬಾಲ ಹಿಡಿದು ಬರುವ ಹಾಗೂ ಇಲ್ಲ. ವಿದ್ಯಾರ್ಥಿ ವೀಸಾಗೆ ವರ್ಷದ ಖರ್ಚಿನ 11,904 ಯೂರೊವನ್ನು ಬ್ಲಾಕ್ಡ್ ಅಕೌಂಟಿನಲ್ಲಿ ಇಡಬೇಕು. ಮಗ ಹತ್ತನೇ ಕ್ಲಾಸಿನಲ್ಲಿದ್ದಾನೆ, ಮುಗಿಸಿಕೊಂಡೇ ಬರೋಣ ಎನ್ನುವವರಿಗೆ ನಾನು ಹೇಳುವುದು: ಬರುವುದಾದರೆ ಒಂಬತ್ತಕ್ಕೆ ಮುಂಚೆ ಬನ್ನಿ, ಇಲ್ಲವೇ ಪಿಯುಸಿ ಅಲ್ಲೇ ಮುಗಿಯಲಿ. ಹನ್ನೊಂದನೆಯದಕ್ಕೆ ತಂದು ಜರ್ಮನ್ ಭಾಷೆಗೆ ನೂಕುವುದು ಮಕ್ಕಳಿಗೆ ಮಾಡುವ ಅನ್ಯಾಯ.

ಐದಾರು ವರ್ಷ ದುಡಿದು ವಾಪಸು ಹೋಗುತ್ತೇವೆ ಎನ್ನುವವರು ಸಿಇಟಿ ನಿಯಮವನ್ನೂ ಓದಿಕೊಂಡು ಬನ್ನಿ. ಕರ್ನಾಟಕದ ಸರ್ಕಾರಿ ಕೋಟಾಕ್ಕೆ ಇರುವ ಮುಖ್ಯ ಅರ್ಹತೆ, ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿಯೊಳಗೆ ರಾಜ್ಯದಲ್ಲಿ ಏಳು ವರ್ಷ ಓದಿರುವುದು. ಎರಡನೇ ಕ್ಲಾಸಿಗೆ ಹೊರಟು ಒಂಬತ್ತಕ್ಕೆ ಮರಳಿದ ಮಗುವಿಗೆ ಈ ಏಳು ಕೂಡುವುದಿಲ್ಲ. ಬೇರೆ ಯಾವ ಅರ್ಹತಾ ವರ್ಗಕ್ಕೂ ಸೇರದಿದ್ದರೆ ಆಗ ಉಳಿಯುವುದು ಕಾಮೆಡ್-ಕೆ ಅಥವಾ ಮ್ಯಾನೇಜ್‌ಮೆಂಟ್ ಸೀಟು. ಇಲ್ಲಿ ಉಳಿಸಿದ ಫೀಸೆಲ್ಲ ಅಲ್ಲಿ ಒಂದೇ ಕಂತಿನಲ್ಲಿ ಹೋಗುತ್ತದೆ.

ರಜೆಗೆ ಊರಿಗೆ ಹೋಗುವ ಟಿಕೆಟ್ಟನ್ನೂ ಓದಿನ ಖರ್ಚಿಗೇ ಸೇರಿಸಿ. ಶಾಲೆ ಕಡ್ಡಾಯವಾದ್ದರಿಂದ ದಸರಾ, ಮದುವೆ ಎಂದು ನಡುವೆ ಮಗುವನ್ನು ಕರೆದೊಯ್ದರೆ ದಂಡ ಬೀಳುತ್ತದೆ. ಬವೇರಿಯಾದ ವಿಮಾನ ನಿಲ್ದಾಣಗಳಲ್ಲಿ ಪೊಲೀಸರು ಶಾಲಾ ಮಕ್ಕಳನ್ನು ಹಿಡಿದು ವಿಚಾರಿಸಿದ್ದು 2018ರಲ್ಲಿ ಸುದ್ದಿಯಾಗಿತ್ತು. ಎಲ್ಲರಂತೆ ಆಗಸ್ಟ್‌ನಲ್ಲೇ ಹಾರಬೇಕು, ಎಲ್ಲರಂತೆ ದುಬಾರಿ ಟಿಕೆಟ್ಟು ಕೊಳ್ಳಬೇಕು.

ಇಷ್ಟು ಖರ್ಚಿನ ನಡುವೆ ಸರ್ಕಾರ ನಿಮಗೆ ಕೊಡುವುದೂ ಒಂದಿದೆ. ಬ್ಲೂ ಕಾರ್ಡ್ ಪರವಾನಗಿಯ ಮೇಲೆ ಕೆಲಸಕ್ಕೆ ಬಂದವರೂ ಸೇರಿ, ಮಗುವೊಂದಕ್ಕೆ ತಿಂಗಳಿಗೆ ಕಿಂಡರ್‌ಗೆಲ್ಡ್ ಎಂಬ ಭತ್ಯೆ, 2026ರ ಜನವರಿಯಿಂದ 259 ಯೂರೊ. ಓದು ನಡೆದಿದ್ದರೆ 25 ವರ್ಷದವರೆಗೂ ಸಿಗುತ್ತದೆ. ಮನೆ ವಿಳಾಸ ನೋಂದಾಯಿಸಿ ತೆರಿಗೆ ಸಂಖ್ಯೆ ಬಂದ ವಾರವೇ ಅರ್ಜಿ ಹಾಕಿ. ತಡಮಾಡಿದರೆ ಹಿಂದಿನ ಆರು ತಿಂಗಳದ್ದು ಮಾತ್ರ ಕೊಡುತ್ತಾರೆ, ಅದಕ್ಕಿಂತ ಹಳೆಯದು ಹೋದ ಹಾಗೆಯೇ.