ಹೆದ್ದಾರಿಗೆ ಬೆನ್ನು ಹಾಕಿ

ಸೈಕಲ್ ಹತ್ತಿ ಊರು ಸುತ್ತುವ ಆಸೆಯಿದ್ದರೆ ಚಿತ್ತಾಕುಲದವರು ದೂರ ಹುಡುಕಬೇಕಿಲ್ಲ. ಹೆದ್ದಾರಿ 66ನ್ನು ಮಾತ್ರ ಬಿಟ್ಟುಬಿಡಿ. ಲಾರಿ, ಬಸ್ಸುಗಳ ಗಾಳಿಗೆ ಹ್ಯಾಂಡಲ್ ಅದುರುವಲ್ಲಿ ಎಂಥ ಸುಖ? ಸದಾಶಿವಗಡದಿಂದ ಹಣಕೋಣದ ಕಡೆ, ಪೂರ್ವಕ್ಕೆ ತಿರುಗಿ. ಕಾಳಿ ಕಣಿವೆಯಲ್ಲೇ ಸಾಗುವ ಈ ಜೋಯಿಡಾ ರಸ್ತೆ ಮುಂದೆ ಅಣಶಿ ಘಟ್ಟ ಹತ್ತುತ್ತದೆ.

ಇಂಥ ದಾರಿಗಳ ಮೋಹ ನಮಗಷ್ಟೇ ಅಲ್ಲ. ಇಟಲಿಯ ಟಸ್ಕನಿಯಲ್ಲಿ ಗುಡ್ಡದ ಮಣ್ಣುದಾರಿಗಳನ್ನು ಉಳಿಸಲೆಂದೇ 1997ರಲ್ಲಿ 'ಲೆರೋಯಿಕಾ' ಎಂಬ ಹಳೆಯ ಸೈಕಲ್‌ಗಳ ಸವಾರಿ ಶುರುವಾಯಿತು. ಅಲ್ಲಿ ದ್ರಾಕ್ಷಿತೋಟ, ನಮ್ಮಲ್ಲಿ ಗದ್ದೆ, ತೆಂಗು, ಆಮೇಲೆ ದಟ್ಟ ಕಾಡು. ನಮ್ಮದೇನೂ ಕಡಿಮೆಯಿಲ್ಲ, ಸೆಕೆಯೊಂದನ್ನು ಬಿಟ್ಟರೆ!

ಆ ಸೆಕೆಗಾಗಿಯೇ ಬೆಳಕು ಹರಿಯುತ್ತಿದ್ದಂತೆ ಹೊರಡಿ. ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಮಳೆಗಾಲದಲ್ಲಿ ಅಣಶಿ ಘಟ್ಟದಲ್ಲಿ ಗುಡ್ಡ ಕುಸಿಯುವುದುಂಟು, ಆಗ ಹೋಗಲೇಬೇಡಿ. ಹೊಸಬರು ಘಟ್ಟದ ಬುಡದಿಂದಲೇ ಹಿಂತಿರುಗಲಿ, ಅದರಲ್ಲಿ ನಾಚಿಕೆಯೇನು? ಹತ್ತುವುದಾದರೆ ಏರು ಶುರುವಾಗುವ ಮೊದಲೇ ಹಗುರ ಗೇರಿಗೆ ಹಾಕಿ. ಇಳಿಯುವಾಗ ಬ್ರೇಕನ್ನು ಹಿಡಿದೇ ಇರಬೇಡಿ, ರಿಮ್ ಕಾಯುತ್ತದೆ. ತಿರುವಿಗೆ ಮುಂಚೆ ಹಿಡಿದು, ಮತ್ತೆ ಬಿಡಿ.

ಸದ್ದಿಲ್ಲದ ದಾರಿಯಲ್ಲಿ ಪಂಕ್ಚರ್ ಅಂಗಡಿಯೂ ಇರುವುದಿಲ್ಲ. ಬೇರೊಂದು ಟ್ಯೂಬ್, ಪಂಪು, ಎರಡು ಬಾಟಲಿ ನೀರು, ಚಿಟಿಕೆ ಉಪ್ಪು ಚೀಲದಲ್ಲಿರಲಿ. ಅಣಶಿ ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗಿದೆ. ಮಂಗಗಳಿಗೆ ತಿಂಡಿ ಹಾಕಬೇಡಿ, ಕತ್ತಲಾಗುವ ಮುನ್ನ ಕಾಡು ದಾಟಿಬಿಡಿ. ಭಾನುವಾರ ದಾಂಡೇಲಿಗೆ ಹೋಗುವ ಕಾರುಗಳಿರುತ್ತವೆ. ವಾರದ ನಡುವೆ ರಜೆ ಸಿಕ್ಕರೆ ಅಂದೇ ಹೊರಡಿ.